ತೂತಿನ ಮೇಲೊಂದು ಸಂಶೋಧನೆ

ಬೆಳಿಗ್ಗೆ ಏಳು ಗಂಟೆ ಹನ್ನೆರಡು ನಿಮಿಷ. ಹಿಂದಿನ ದಿನವಷ್ಟೇ ಮೇಲ್ದವಡೆಯ ಹಲ್ಲು ಕೀಳಿಸಿಕೊಂಡಿದ್ದ ವೀರನಾದ ನಾನು ಬಾಯಿ ಮುಕ್ಕಳಿಸುತ್ತಿದ್ದೆ. ಬಾಯಿಗೆ ಹಾಕಿದ ನೀರು ಮೂಗಿನಿಂದ ಇಳಿಯಿತು!

"ಇವಳೇ, ಬೇಗ ಬಾ! ಮೂಗು ನಲ್ಲಿಯಾಗಿದೆ!"

ಹೆಂಡತಿ ಓಡಿಬಂದಳು. "ಹಲ್ಲು ಕೀಳ್ಸೋದೇನು ಮಹಾ ಅಂದ್ರಲ್ಲ, ಇದೇ ನೋಡಿ ಮಹಾ. ನಡೀರಿ ಡಾಕ್ಟರ ಹತ್ರ."

ದಂತವೈದ್ಯೆ ನನ್ನ ಮೂಗು ಹಿಡಿದು, "ಮೆಲ್ಲಗೆ ಊದಿ" ಎಂದರು. ಹಲ್ಲಿದ್ದ ಜಾಗದಿಂದ ಬುಸ್ಸೆಂದು ಗಾಳಿ ಬಂತು.

"ಹಲ್ಲಿನ ಮೇಲಿರೋ ಸೈನಸ್ಸಿಗೆ, ಅಂದ್ರೆ ಮೂಗಿಗೆ ಸೇರೋ ಗಾಳಿಗೂಡಿಗೆ, ಚಿಕ್ಕ ತೂತಾಗಿದೆ. ಎರಡು ವಾರ ಮೂಗು ಸೀಟಬೇಡಿ, ಸೀನು ಬಂದ್ರೆ ಬಾಯಿ ತೆರೆದು ಸೀನಿ. ತಾನಾಗೇ ಕೂಡ್ಕೊಳ್ಳುತ್ತೆ. ಇಲ್ದಿದ್ರೆ ಒಸಡು ಕೊಯ್ದು ಹೊಲೀಬೇಕಾಗುತ್ತೆ."

ಕೊಯ್ಯುವುದೇ! ಇಪ್ಪತ್ತು ವರ್ಷ ಪ್ರಯೋಗಾಲಯದಲ್ಲಿ ನೀರು ಪರೀಕ್ಷಿಸಿದವನಿಗೆ ಶಿಸ್ತಿನ ಪಾಠವೇ? ಲೋಕದಲ್ಲೇ ಅತ್ಯಂತ ವೈಜ್ಞಾನಿಕವಾಗಿ ಕೂಡಿಕೊಳ್ಳುವ ತೂತು ಇದೇ ಎಂದು ಸಾರಿದೆ.

ಸಾರಿದಂತೆ ನಡೆದೆ. ಸಭೆಯಲ್ಲಿ ಬಾಯಿ ತೆರೆದು ಸೀನಿ ಮೇಲಧಿಕಾರಿಯ ಕನ್ನಡಕಕ್ಕೆ ಅಭಿಷೇಕ ಮಾಡಿದೆನೇ ಹೊರತು ಮೂಗು ಸೀಟಲಿಲ್ಲ!

ಆದರೆ ಗುಣವಾಗುತ್ತಿದೆಯೋ ಇಲ್ಲವೋ ಅಳೆಯಬೇಡವೇ? ವೈದ್ಯೆ ತೋರಿಸಿದ ಪರೀಕ್ಷೆ ಇತ್ತಲ್ಲ! ದಿನಕ್ಕೆ ಮೂರು ಹೊತ್ತು ಕದ ಹಾಕಿಕೊಂಡು, ಮೂಗು ಹಿಡಿದು ಊದಿದೆ. ಒಂದೇ ಅಳತೆಯನ್ನು ನಂಬಬಾರದೆಂದು ಹೊತ್ತಿಗೆ ಮೂರು ಸಲ. ಎಲ್ಲವನ್ನೂ ನಕ್ಷೆಯಲ್ಲಿ ಗುರುತಿಸಿದೆ.

"ರೀ, ಒಳಗೇನದು, ಹಾವು ಬುಸುಗುಟ್ಟಿದ ಹಾಗೆ?"

"ಸಂಶೋಧನೆ ಕಣೇ!"

ಆರನೆಯ ದಿನ ಸದ್ದೇ ಬರಲಿಲ್ಲ. ನಂಬಿಕೆಯಾಗದೆ ಇನ್ನಷ್ಟು ಜೋರಾಗಿ ಊದಿದೆ. ಸದ್ಯ, ಬಂತು!

ಎರಡು ವಾರ ಕಳೆದ ಮೇಲೆ ಹೆಂಡತಿಯೊಡನೆ ಮತ್ತೆ ಹೋದೆ. ವೈದ್ಯೆ ಬಾಯೊಳಗೆ ಇಣುಕಿ ಹುಬ್ಬು ಗಂಟಿಕ್ಕಿದರು. "ಮೂಗು ಸೀಟಿದ್ರಾ?"

"ಒಂದ್ಸಲಾನೂ ಇಲ್ಲ, ಡಾಕ್ಟ್ರೇ!" ಎಂದು ಹೆಮ್ಮೆಯಿಂದ ನಕ್ಷೆ ಕೊಟ್ಟೆ.

ಅವರು ನಕ್ಷೆ ನೋಡಿದರು. ನನ್ನನ್ನು ನೋಡಿದರು. "ಅಯ್ಯೋ ಪುಣ್ಯಾತ್ಮ! ನೀವು ಊದಿದಾಗೆಲ್ಲ ಕೂಡಿದ್ದು ಹರಿದಿದೆ! ನಾಳೆ ಹೊಲಿಗೆ."

ಈಗ ಹೊಲಿಗೆ ಬಿದ್ದಿದೆ. ವಾರವಿಡೀ ಮಾತಾಡುವಂತಿಲ್ಲ. ನೋಡಲು ಬಂದವರಿಗೆ ನನ್ನ ಪರವಾಗಿ ಹೆಂಡತಿಯೇ ಕಥೆ ಹೇಳುತ್ತಾಳೆ.

"ಪಾಪ, ಎಷ್ಟು ಸಲ ಊದಿದ್ರಂತೆ?" ಎಂದು ಯಾರಾದರೂ ಕೇಳಿದರೆ ಸಾಕು, ಅವಳು ಎದೆ ಸೆಟೆಸಿ, ಅಂದು ವೈದ್ಯೆಯ ಮುಂದೆ ನಾನು ಹೇಳಿದ್ದ ಧಾಟಿಯಲ್ಲೇ ಘೋಷಿಸುತ್ತಾಳೆ:

"ಒಟ್ಟು ನೂರ ಇಪ್ಪತ್ತಾರು, ಡಾಕ್ಟ್ರೇ!"