ಊರಿಗೊಬ್ಬಳೇ ಕೆರೆನ್‌ಹಪ್ಪೂಕ್

ಜನನ ನೋಂದಣಿಯ ಕಿಟಕಿಯ ಮುಂದೆ ನಿಂತಾಗ ಬೋರ್ಡಣ್ಣನಿಗೆ ಮಗಳ ಹೆಸರೇ ಮರೆತುಹೋಯಿತು.

ಮರೆಯಬಾರದೆಂದೇ ಅಂಗೈ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡು ಬಂದಿದ್ದ. ಆದರೆ ಸಾಲು ಉದ್ದವಾಗಿತ್ತು, ಸೆಕೆ ಇತ್ತು, ಹಿಂದಿನವರು ನೂಕುತ್ತಿದ್ದರು. ಬೀಳಬಾರದೆಂದು ಎದುರಿಗಿದ್ದ ಕರಿ ಕೋಟಿನ ವಕೀಲರ ಬೆನ್ನಿಗೆ ಒಮ್ಮೆ ಕೈ ಕೊಟ್ಟಿದ್ದ. ಕಿಟಕಿ ತಲುಪುವ ಹೊತ್ತಿಗೆ ಅಂಗೈ ಒರೆಸಿದ ಸ್ಲೇಟಿನಂತಿತ್ತು. ಹೆಸರು ವಕೀಲರ ಬೆನ್ನೇರಿ (ಅದೂ ಹಿಂದುಮುಂದಾಗಿ) ಬಾಗಿಲು ದಾಟಿ ಹೋಗಿತ್ತು.

"ಮಗು ಹೆಸರು ಹೇಳ್ರಿ," ಎಂದಳು ಗುಮಾಸ್ತೆ.

"ಅದು... ಬಹಳ ಅಪರೂಪದ್ದು ಮೇಡಂ."

"ಅಪರೂಪ. ಸರಿ," ಎಂದು ಅವಳು ಬರೆಯಲು ಹೊರಟಳು.

"ಅಯ್ಯಯ್ಯೋ, ಅದಲ್ಲ! ಹೆಸರು ಅಪರೂಪದ್ದು ಅಂದೆ ಅಷ್ಟೇ."

"ಏನ್ರಿ, ನಿಮಗೆ ಹೆಸರು ಗೊತ್ತಿದೆಯೋ ಇಲ್ವೋ?"

"ಬಾಯಿಗೆ ಗೊತ್ತಿಲ್ಲ ಮೇಡಂ. ಕೈಗೆ ಗೊತ್ತಿದೆ."

ಹಾಗೆಂದವನೇ ಜೇಬಿನಿಂದ ಸೀಮೆಸುಣ್ಣ ತೆಗೆದು, ಕಿಟಕಿಯ ಪಕ್ಕದ ಗೋಡೆಯ ಮೇಲೆ ಬರೆದೇಬಿಟ್ಟ. ಕೆರೆನ್‌ಹಪ್ಪೂಕ್. ಅಭ್ಯಾಸಬಲ ನೋಡಿ, ಪ್ರತಿ ಅಕ್ಷರದ ಬಲಗಡೆಗೆ ನೆರಳನ್ನೂ ಕೊಟ್ಟ. ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿ ಓದಲು ಹೋಗಿ ಅರ್ಧಕ್ಕೇ ಉಸಿರು ಬಿಟ್ಟರು. ಗುಮಾಸ್ತೆ ನೋಡಿಕೊಂಡು ನಕಲು ಮಾಡಿದಳು. ಕಚೇರಿಯ ಜವಾನ ಒದ್ದೆ ಬಟ್ಟೆ ತಂದು ಬೋರ್ಡಣ್ಣನ ಕೈಗೆ ಕೊಟ್ಟ. ಮಗಳ ಹೆಸರನ್ನು ಸರ್ಕಾರದ ಪುಸ್ತಕಕ್ಕೆ ಸೇರಿಸಿದ ಮಹಾಪುರುಷ ಅದೇ ಹೆಸರನ್ನು ಸರ್ಕಾರದ ಗೋಡೆಯಿಂದ ಉಜ್ಜಿ ತೆಗೆದು, ತಲೆ ಎತ್ತಿಕೊಂಡೇ ಮನೆಗೆ ಬಂದ.

ಬೋರ್ಡಣ್ಣ ಎಂಬುದು ಅವನ ಕಸುಬು ಅವನಿಗೆ ಕೊಟ್ಟ ಹೆಸರು. ಊರಿನ ಅಂಗಡಿಗಳ ನಾಮಫಲಕವೆಲ್ಲ ಅವನದೇ ಕೈ. ಅಪ್ಪ ಅಮ್ಮ ಇಟ್ಟ ಹೆಸರು ಎಂಥದೆಂದರೆ, ತುಂಬಿದ ಬಸ್ಸಿನಲ್ಲಿ ಅದನ್ನು ಕೂಗಿದರೆ ಡ್ರೈವರೂ ಸೇರಿ ಅರ್ಧ ಬಸ್ಸು ತಿರುಗಿ ನೋಡುತ್ತದೆ. ಶಾಲೆಯಲ್ಲಿ ಅದೇ ಹೆಸರಿನವರು ತುಂಬಿಹೋಗಿ ಮೇಷ್ಟ್ರು ನಂಬರು ಹಾಕಿದ್ದರು. ಇವನು ಮೂರನೆಯವನು. ಲೆಕ್ಕ ತಪ್ಪಿದವನು ಎರಡನೆಯವನು, ಏಟು ತಿಂದವನು ಮೂರನೆಯವನು. ಹಾಡಿದವನು ಮೂರನೆಯವನು, ಬಹುಮಾನ ಒಯ್ದವನು ಒಂದನೆಯವನು. ಕಸುಬಿಗೆ ಬಂದ ಮೇಲೂ ಆ ಹೆಸರು ಬೆನ್ನು ಬಿಡಲಿಲ್ಲ. ಹಿಟ್ಟಿನ ಗಿರಣಿಗೂ ಅದೇ, ಹಲ್ಲಿನ ಆಸ್ಪತ್ರೆಗೂ ಅದೇ. ಬರೆದು ಬರೆದು ಬೇಸತ್ತು, ತಗಡಿನಲ್ಲಿ ಅಕ್ಷರ ಕೊರೆದು ಅಚ್ಚು ಮಾಡಿಟ್ಟುಕೊಂಡಿದ್ದ. ಅಂಗಡಿಯವರು ಬಂದರೆ ಅಚ್ಚು ಇಟ್ಟು ಬಣ್ಣ ಬಳಿದರಾಯಿತು. ಮೊಳೆಗೆ ನೇತುಹಾಕಿದ್ದ ಆ ತಗಡಿನಲ್ಲಿ ಅವನಿಗೆ ದಿನಾ ತನ್ನ ಬದುಕೇ ತೂತುತೂತಾಗಿ ಕಾಣುತ್ತಿತ್ತು.

ಆದ್ದರಿಂದ ಮಗಳು ಹುಟ್ಟಿದಾಗ ಅವನು ಮಾಡಿದ ಪ್ರತಿಜ್ಞೆ ಒಂದೇ: ತನ್ನ ಕುಂಚ ಒಮ್ಮೆಯೂ ಬರೆಯದ ಹೆಸರು ಬೇಕು.

ಅಂಥದ್ದನ್ನು ಕೊಟ್ಟವರು ಹಳೆಯ ಭಾಷೆಗಳನ್ನು ಕಲಿಸಿ ನಿವೃತ್ತರಾಗಿದ್ದ ಇನ್ನೊಬ್ಬ ಮೇಷ್ಟ್ರು. ಅವರ ಗೇಟಿಗೆ ಬೋರ್ಡು ಬರೆಯುತ್ತ ಬೋರ್ಡಣ್ಣ ಸಂಕಟ ತೋಡಿಕೊಂಡಿದ್ದ.

"ಹೀಬ್ರೂನಲ್ಲಿ ಒಂದಿದೆ ಕಣಯ್ಯಾ. ಕೆರೆನ್‌ಹಪ್ಪೂಕ್. ಎಲ್ಲಾ ಕಳಕೊಂಡು ಮತ್ತೆ ಎಲ್ಲಾ ಪಡೆದ ಒಬ್ಬ ಮನುಷ್ಯನ ಮೂರನೇ ಮಗಳು. ಅವಳೂ ಅವಳ ಅಕ್ಕಂದಿರೂ ಎಷ್ಟು ಚೆಲುವೆಯರು ಅಂದ್ರೆ ಆ ನಾಡಲ್ಲೇ ಅಂಥೋರು ಇರಲಿಲ್ಲವಂತೆ. ಅಣ್ಣತಮ್ಮಂದಿರ ಜೊತೆ ಅವರಿಗೂ ಅಪ್ಪ ಆಸ್ತಿ ಕೊಟ್ಟನಂತೆ."

"ಇಟ್ಟುಕೊಂಡೋರು ಈಗ ಯಾರಾದ್ರೂ ಇದ್ದಾರಾ ಸಾರ್?"

"ನಾನು ಓದಿದ್ದೇನೆ ಅಷ್ಟೇ. ನನ್ನ ಜನ್ಮದಲ್ಲಿ ಒಬ್ಬರನ್ನೂ ಕಂಡಿಲ್ಲ."

ಬೋರ್ಡಣ್ಣನಿಗೆ ಇನ್ನೇನು ಬೇಕು? ಏಣಿಯಿಂದ ಇಳಿದು ಅವರ ಕಾಲಿಗೆ ಬೀಳುವುದೊಂದು ಬಾಕಿ. (ಬಿದ್ದನಂತೆ. ಆದರೆ ಅದು ಏಣಿ ಜಾರಿದ್ದರಿಂದ ಎಂದು ಹೆಂಡತಿಯ ವಾದ.)

ಮನೆಯಲ್ಲಿ ಮಾತ್ರ ಮಹಾಸಂಗ್ರಾಮ.

"ಅರ್ಥ ಏನ್ರೀ?" ಎಂದಳು ಹೆಂಡತಿ.

"ಕೆರೆನ್ ಅಂದ್ರೆ ಕೊಂಬು. ಪೂಕ್ ಅಂದ್ರೆ ಕಣ್ಣಿಗೆ ಹಚ್ಚೋ ಕಪ್ಪು. ಆ ಕಾಲದಲ್ಲಿ ಕಾಡಿಗೆನ ಕೊಂಬಲ್ಲಿ ತುಂಬಿ ಇಡ್ತಿದ್ರಂತೆ."

"ಅಂದ್ರೆ ಕಾಡಿಗೆ ಡಬ್ಬಿ."

"ಡಬ್ಬಿ ಅಲ್ಲ ಕಣೇ, ಕೊಂಬು!"

"ಕೊಂಬಲ್ಲಿಟ್ರೂ ಡಬ್ಬಿಲಿಟ್ರೂ ಒಳಗಿರೋದು ಕಾಡಿಗೇನೇ ಅಲ್ವಾ? ಹೆತ್ತೋಳು ನಾನು, ನನ್ನ ಮಗಳಿಗೆ ಡಬ್ಬಿ ಅಂತ ಹೆಸರಿಡ್ತೀರಾ?"

ಒಳಗಿನಿಂದ ಅತ್ತೆ ಬಂದರು. "ಅಳಿಯಂದ್ರೇ, ನಿಮಗೆ ಬಂದಿರೋ ಕೊಂಬೇ ಸಾಲದಾ? ಮಗೂಗೂ ಯಾಕೆ?"

"ಅತ್ತೆ, ಇಡೀ ಊರಲ್ಲಿ ಇವಳೊಬ್ಬಳೇ ಇರ್ತಾಳೆ. ನಂಬರ್ ಹಾಕೋ ಧೈರ್ಯ ಯಾರಿಗಿದೆ ನೋಡೋಣ!"

"ಹೆಸರು ಅಂದ್ರೆ ಕರೆದಾಗ ಮಗು ಓಡಿ ಬರ್ಬೇಕಪ್ಪ. ಓಡಿ ಹೋಗೋ ಹಾಗಿರಬಾರದು."

ಹೆಂಡತಿ ಅತ್ತಳು, ಮುನಿದಳು, ತವರಿಗೆ ಹೋಗುತ್ತೇನೆಂದಳು (ತವರಿನವರೇ ಇಲ್ಲಿಗೆ ಬಂದು ಕೂತಿದ್ದರಿಂದ ಆ ಬೆದರಿಕೆ ನಡೆಯಲಿಲ್ಲ). ಬೋರ್ಡಣ್ಣ ಜಗ್ಗಲಿಲ್ಲ. ಕೊನೆಗೆ ಹೆಸರು ಉಳಿಯಿತು, ಆದರೆ ಅದನ್ನು ಬಳಸುವವನು ಅವನೊಬ್ಬನೇ. ಉಳಿದವರಿಗೆಲ್ಲ ಅವಳು ಪುಟ್ಟಿ. ಬೀದಿಯಲ್ಲಿ ಆಡುವ ಮಗಳಿಗೆ "ಕೆರೆನ್‌ಹಪ್ಪೂಕ್, ಸೈಕಲ್ಲು!" ಎಂದು ಅವನು ಪೂರ್ತಿ ಕೂಗಿ ಮುಗಿಸುವಷ್ಟರಲ್ಲಿ ಸೈಕಲ್ಲು ಬಂದು, ಹೋಗಿ, ಮುಂದಿನ ತಿರುವಿನಲ್ಲಿ ಗಂಟೆ ಬಾರಿಸುತ್ತಿತ್ತು. ಮಗಳು ಮುಖದ ಒಂದು ಗೆರೆಯೂ ಅಲುಗಿಸದೆ, "ಹೋಯ್ತು ಅಪ್ಪ," ಎನ್ನುತ್ತಿದ್ದಳು.

ಇಷ್ಟಕ್ಕೇ ಸುಮ್ಮನಿದ್ದಿದ್ದರೆ ಕಥೆ ಇರುತ್ತಿರಲಿಲ್ಲ. ಜಗತ್ತು ಬೇಡವೆಂದ ಹೆಸರನ್ನು ಜಗತ್ತಿನ ಮುಖಕ್ಕೇ ಹಿಡಿಯಬೇಕೆಂಬ ಹಟ ಅವನಿಗೆ. ಬರುವ ಗಿರಾಕಿಗಳಿಗೆ ಅಕ್ಷರದ ಮಾದರಿ ತೋರಿಸಲೆಂದು ಮಳಿಗೆಯ ಮುಂದೆ ಒಂದು ಬೋರ್ಡು ನೇತುಹಾಕಿರುತ್ತಿದ್ದ. ಅದರ ಮೇಲಿದ್ದ "ನಿಮ್ಮ ಹೆಸರು ಇಲ್ಲಿ" ಎಂಬುದನ್ನು ಅಳಿಸಿ, ಮಗಳ ಹೆಸರು ಬರೆದ. ಕೆಂಪು ಅಕ್ಷರ, ಹಳದಿ ಅಂಚು, ನೀಲಿ ನೆರಳು. ದಾರಿಹೋಕರು ನಿಂತು ನೋಡುವಂತಾಯಿತು.

ನಿಂತವರಲ್ಲಿ ಬ್ಯೂಟಿ ಪಾರ್ಲರಿನ ಅಕ್ಕ ಒಬ್ಬರು.

"ಬೋರ್ಡಣ್ಣ, ಇದ್ಯಾವ ಅಂಗಡಿ?"

"ಅಂಗಡಿ ಅಲ್ಲಕ್ಕ, ಮಗಳು."

"ಏನರ್ಥ?"

ಬೋರ್ಡಣ್ಣ ಎದೆ ಸೆಟೆಸಿ, ನಗುವನ್ನು ಎದುರಿಸಲು ಸಿದ್ಧನಾಗಿ, "ಕಾಡಿಗೆ ತುಂಬೋ ಕೊಂಬು," ಎಂದ.

ಅಕ್ಕ ಕೆನ್ನೆಯ ಮೇಲೆ ಕೈಯಿಟ್ಟರು. "ಅಬ್ಬ! ಎಷ್ಟು ಚೆನ್ನಾಗಿದೆ!"

ಆ ಹೆಸರಿಗೆ ಸಿಕ್ಕ ಮೊದಲ ಹೊಗಳಿಕೆ ಅದು. ಬೋರ್ಡಣ್ಣನ ಕಾಲು ನೆಲ ಬಿಟ್ಟಿತು. ಆ ಗಳಿಗೆಯಲ್ಲಿ ಅವರು ಅವನ ಮನೆ ಕೇಳಿದ್ದರೂ ಕೊಟ್ಟುಬಿಡುತ್ತಿದ್ದ, ಅತ್ತೆ ಸಮೇತ.

"ನನ್ನ ಪಾರ್ಲರಿಗೆ ಹೇಳಿ ಮಾಡಿಸಿದ ಹಾಗಿದೆ. ಹಾಕ್ಕೊಡಿ ಅಣ್ಣ."

"ಇಲ್ಲಕ್ಕ. ಅದು ಒಬ್ಬಳಿಗೇ ಅಂತ ಇಟ್ಟಿದ್ದು."

"ಇಂಥ ಹೆಸರು ಹುಡುಕಿದ ತಲೆ ಯಾವುದು ಅಂತ ಬರೋರು ಹೋಗೋರೆಲ್ಲ ಕೇಳ್ತಾರೆ. ನಿಮ್ಮನ್ನೇ ತೋರಿಸ್ತೀನಿ."

ಬೋರ್ಡಣ್ಣ ಬಣ್ಣ ಕಲಸತೊಡಗಿದ.

"ಒಬ್ಬಳಿಗೇ ಇರ್ಬೇಕು ಅಂತ ನನ್ನ ಕಣ್ಣಲ್ಲಿ ನೀರು ಹಾಕಿಸಿದೋರು ನೀವೇ ಅಲ್ವೇನ್ರೀ?" ಎಂದಳು ಹೆಂಡತಿ ಅಂದು ಸಂಜೆ.

"ಪಾರ್ಲರು ಏನು ಮನುಷ್ಯಳಾ? ಶಾಲೆಗೆ ಹೋಗುತ್ತಾ? ಗೋಡೆಗೂ ಮಗೂಗೂ ಎಲ್ಲಿಂದೆಲ್ಲಿಗೆ ಹೋಲಿಸ್ತೀಯ!"

ಪಾರ್ಲರು ಜೋರಾಗಿ ನಡೆಯಿತು. ಅದರ ಎದುರಿನ ಕನ್ನಡಕದ ಅಂಗಡಿಯವರು ಬಂದರು. "ಕಣ್ಣಿಗೆ ಸಂಬಂಧಪಟ್ಟ ಹೆಸರು ತಾನೇ? ಹಕ್ಕಿನಿಂದ ನಮ್ಮದು ಮೊದಲು," ಎಂದರು. ಅವರೂ ಹೊಗಳಿದರು, ಬೋರ್ಡಣ್ಣ ಬರೆದ. ಆಮೇಲೆ ಲಾಂಡ್ರಿಯವ ಬಂದ.

"ಅಲ್ಲಯ್ಯಾ, ಲಾಂಡ್ರಿಗೂ ಕಾಡಿಗೆಗೂ ಏನು ಸಂಬಂಧ?"

"ಕಾಡಿಗೆ ಬಟ್ಟೆಗೆ ಹತ್ತಿದ್ರೆ ಜನ ಎಲ್ಲಿಗೆ ಬರ್ತಾರೆ ಹೇಳಿ? ನೀವು ಜ್ಞಾನಿಗಳು, ನಿಮಗೆ ನಾನು ಹೇಳ್ಬೇಕಾ?"

ಜ್ಞಾನಿ ಏಣಿ ಹೊತ್ತು ಹೊರಟ. ಸೈಕಲ್ ರಿಪೇರಿಯವನಂತೂ ಸಂಬಂಧ ಹುಡುಕುವ ಗೋಜಿಗೇ ಹೋಗಲಿಲ್ಲ. "ಎಲ್ಲರೂ ಹಾಕಿಸ್ಕೊಂಡಿದ್ದಾರೆ, ನನಗೂ ಒಂದಿರಲಿ," ಎಂದ. ಆ ಹೆಸರಿನ ಅಂಗಡಿಗೆ ವ್ಯಾಪಾರ ಕುದುರುತ್ತದೆ ಎಂಬ ಸುದ್ದಿ ಹಬ್ಬಿತು. ಹೆಸರಿನ ಅರ್ಥ ಕೇಳುವವರೇ ಇಲ್ಲವಾದರು. ಮೂಲವಂತೂ ಯಾರಿಗೂ ಬೇಡ. ಬೇಕಾದದ್ದು ಬೋರ್ಡು, ಅದೂ ನಾಳೆಯೇ.

ಮಗಳನ್ನು ಶಾಲೆಗೆ ಸೇರಿಸುವ ಮುನ್ನಾದಿನ ಹೆಂಡತಿ ಬುತ್ತಿ ಕೊಡಲು ಮಳಿಗೆಗೆ ಬಂದಳು. ಬೋರ್ಡಣ್ಣ ಬಗ್ಗಿಕೊಂಡು ತಗಡು ಕೊರೆಯುತ್ತಿದ್ದ.

"ಇದೇನ್ರೀ ಹೊಸ ಅಚ್ಚು?"

"ಕೆಲಸ ಮೈಮೇಲೆ ಬಿದ್ದಿದೆ ಕಣೇ. ಒಂದೊಂದನ್ನೂ ಕೈಯಲ್ಲಿ ಬರೀತಾ ಕೂತ್ರೆ ಪೂರೈಸಲ್ಲ," ಎಂದು ತಗಡನ್ನು ಬೆಳಕಿಗೆ ಹಿಡಿದ.

ಹೆಂಡತಿ ಆ ತೂತುಗಳನ್ನು ಒಂದೊಂದಾಗಿ ಓದಿದಳು. ತಗಡನ್ನು ಅವನ ಕೈಯಿಂದ ತೆಗೆದುಕೊಂಡು, ಮೊಳೆಯ ಮೇಲೆ, ಅವನ ಸ್ವಂತ ಹೆಸರಿನ ಅಚ್ಚಿನ ಪಕ್ಕದಲ್ಲಿ ನೇತುಹಾಕಿದಳು. "ಅಪ್ಪ ಮಗಳು ಜೋಡಿ ಚೆನ್ನಾಗಿದೆ," ಎಂದು ಹೋದಳು.

ಬುತ್ತಿ ಹಾಗೇ ಉಳಿಯಿತು. ಮೂರನೆಯವನ ಮಗಳು ಈಗ ಎಷ್ಟನೆಯವಳು? ಪಾರ್ಲರು, ಕನ್ನಡಕ, ಲಾಂಡ್ರಿ, ಸೈಕಲ್ಲು... ಬೋರ್ಡಣ್ಣ ಎದ್ದ. ಏಣಿ, ಬಿಳಿ ಬಣ್ಣ, ದಪ್ಪ ಕುಂಚ ತೆಗೆದುಕೊಂಡು ನೇರ ಲಾಂಡ್ರಿಗೆ ನುಗ್ಗಿದ.

"ಅಳಿಸ್ತೀನಿ! ಅದು ನನ್ನ ಮಗಳ ಹೆಸರು!"

ಲಾಂಡ್ರಿಯವ ಇಸ್ತ್ರಿಪೆಟ್ಟಿಗೆಯಿಂದ ತಲೆಯೆತ್ತಲಿಲ್ಲ. "ನಾನೂ ಹೇಳ್ಬೇಕು ಅಂತಿದ್ದೆ ಬೋರ್ಡಣ್ಣ. ಹೇಗೂ ನಾಳೆ ಶಾಲೆಗೆ ಸೇರಿಸ್ತಿದ್ದೀರಂತೆ, ಅಲ್ಲೇ ಬದಲಾಯಿಸಿಬಿಡಿ. ಲಾಂಡ್ರಿ ಹೆಸರು ಮಗಳಿಗಿಟ್ಟಿದ್ದಾನೆ ಅಂತ ಜನ ನಿಮ್ಮನ್ನ ಆಡ್ಕೋತಿದ್ದಾರೆ."

"ಬದಲಾಯಿಸೋದಾ? ನನ್ನ ಮೈಯಲ್ಲಿ ಜೀವ ಇರೋವರೆಗೆ ಇಲ್ಲ!" ಎಂದು ಗುಡುಗಿದ ಬೋರ್ಡಣ್ಣ, ಅಳಿಸಲು ಬಂದದ್ದನ್ನೇ ಮರೆತು, ಏಣಿ ಹೊತ್ತು ವಾಪಸಾದ. ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ಮಾರನೆಯ ದಿನದ ಭಾಷಣ ಅಭ್ಯಾಸ ಮಾಡಿದ: ಹೀಬ್ರೂ, ಪ್ರಾಚೀನತೆ, ಚೆಲುವು, ಆಸ್ತಿಯಲ್ಲಿ ಪಾಲು. ಯಾರಾದರೂ ತುಟಿ ಅಲುಗಿಸಿದರೆ ಅಲ್ಲೇ ಮುಗಿಸಿಬಿಡಬೇಕು.

ಬೆಳಗ್ಗೆ ಮಗಳ ಕೈ ಹಿಡಿದು ಶಾಲೆಯ ಮೊದಲ ತರಗತಿಯ ಬಾಗಿಲಲ್ಲಿ ನಿಂತ. ಟೀಚರು ಹೊಸಬರು, ನಗುಮುಖದವರು. ಮಗುವಿನ ಎತ್ತರಕ್ಕೆ ಬಗ್ಗಿ, "ನಿನ್ನ ಹೆಸರೇನಮ್ಮ?" ಎಂದರು.

"ಕೆರೆನ್‌ಹಪ್ಪೂಕ್," ಎಂದಳು ಅವಳು, ಒಂದೇ ಉಸಿರಿಗೆ, ಒಂದು ಅಕ್ಷರವೂ ಸವೆಯದಂತೆ.

ಬೋರ್ಡಣ್ಣ ಗಂಟಲು ಸರಿಪಡಿಸಿಕೊಂಡ. "ಮೇಡಂ, ಇದು ಬಹಳ ಪ್ರಾಚೀನವಾದ, ಜಗತ್ತಿನಲ್ಲೇ ಅತ್ಯಂತ ವಿರಳವಾದ..."

"ಗೊತ್ತು ಬಿಡಿ ಸಾರ್, ಬರ್ತಾ ಬೀದಿ ತುಂಬಾ ನೋಡಿದೆ," ಎಂದು ಟೀಚರು ಮಗುವಿನ ಕಡೆಗೇ ತಿರುಗಿದರು. "ಅದು ಲಾಂಡ್ರಿ ಹೆಸರಲ್ವೇನೇ ಪುಟ್ಟಾ?"

ಮಗಳು ಟೀಚರ ಮುಖವನ್ನು ರೆಪ್ಪೆ ಹೊಡೆಯದೆ ನೋಡಿದಳು.

"ಲಾಂಡ್ರಿ ಬ್ರಾಂಚು, ಮಿಸ್. ಹೆಡ್ಡಾಫೀಸು ನಾನು."