ತುಟಿ ಆಡಿಸಿದರೆ ಸಾಕು

ಹೆಣ್ಣಿನ ಆಸೆಯ ಬಗ್ಗೆ ಸಿನಿಮಾ ತೆಗೆಯಲು ದೊಡ್ಡಬಳ್ಳಾಪುರದಲ್ಲಿ ನನಗಿಂತ ಯೋಗ್ಯರಿಲ್ಲವೆಂದು ನಾನು ದೃಢವಾಗಿ ನಂಬಿದ್ದೆ. ಹೈಸ್ಕೂಲಿನ ಕನ್ನಡ ಪಂಡಿತ; ಶೃಂಗಾರ ರಸವನ್ನು ಹತ್ತನೇ ತರಗತಿಗೆ ಬೆವರದೆ ಬೋಧಿಸಿದವನು; ಮೇಲಾಗಿ ಮದುವೆಯಾಗಿ ಹನ್ನೊಂದು ವರ್ಷ. ಇನ್ನೇನು ಬೇಕು?

ಎಪ್ಪತ್ತರ ದಶಕದ ಮಾತು. ಬೆಂಗಳೂರಿನ ಒಂದು ಸಂಘ ಕಿರುಚಿತ್ರ ಸ್ಪರ್ಧೆ ಇಟ್ಟಿತ್ತು. ಗೆದ್ದರೆ ಪೇಪರಿನಲ್ಲಿ ಹೆಸರು! ಕೂಡಲೇ ತಂಡ ಕಟ್ಟಿದೆ. ಕ್ಯಾಮೆರಾಕ್ಕೆ, ಮದುವೆ ಫೋಟೋ ತೆಗೆಯುವ ಗೆಳೆಯ ಪುಟ್ಟರಾಜು. ಕಥೆ, ಸಂಭಾಷಣೆ, ನಿರ್ದೇಶನ ಮತ್ತು ನಾಯಕ, ನಾನೇ. ನಾಯಕಿಯಾಗಲು ಊರಿನಲ್ಲಿ ಯಾರೂ ಒಪ್ಪದೆ, ಕೊನೆಗೆ ಹೆಂಡತಿ ಕಮಲಳ ಮುಂದೆ ನಿಂತೆ.

"ಯಾರ ಆಸೆ ಬಗ್ಗೆ ಅಂದ್ರಿ?"

"ಹೆಣ್ಣಿನದು ಕಣೇ."

"ಬರೆದೋರು?"

"ನಾನು."

ಅವಳು ಬಹಳ ಹೊತ್ತು ನಕ್ಕಳು. ಆಮೇಲೆ ಒಪ್ಪಿದಳು.

ಬಾಡಿಗೆಗೆ ತಂದ ಕ್ಯಾಮೆರಾ ಮೂಕ. ಪ್ರದರ್ಶನದಲ್ಲಿ ಮಾತುಗಳನ್ನು ನಾನೇ ಮೈಕಿನಲ್ಲಿ ಓದುವುದೆಂದು ತೀರ್ಮಾನವಾಯಿತು. ಮುಖ್ಯ ದೃಶ್ಯದಲ್ಲಿ ಗಂಡ ಮಲಗಿರುತ್ತಾನೆ, ಹೆಂಡತಿ ಪಕ್ಕದಲ್ಲಿ ಕೂತು ಮನಸ್ಸು ಬಿಚ್ಚುತ್ತಾಳೆ. "ಪ್ರಾಣನಾಥಾ, ನಿಮ್ಮ ಪಾದಸೇವೆಗಿಂತ ಬೇರೆ ಬಯಕೆ ಈ ದಾಸಿಗುಂಟೇ?" ಎಂದು ಬರೆದಿದ್ದೆ.

"ಇದು ನನ್ನ ಬಾಯಲ್ಲಿ ಹೊರಳಲ್ಲ ಕಣ್ರೀ," ಅಂದಳು ಕಮಲ.

"ಏನಾದರೂ ಅಂದುಕೋ. ತುಟಿ ಆಡಿಸಿದರೆ ಸಾಕು. ಯಾರಿಗೆ ಕೇಳಿಸಬೇಕು?"

ಹಾಗೆಂದು ಮಾವನ ಮನೆಯ ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದೆ. ಗೋಡೆಯಾಚೆ ಅವಳ ಅಣ್ಣನ ಪವರ್‌ಲೂಮ್ ಮಗ್ಗ ಕಿವಿ ಕಿತ್ತುಹೋಗುವಂತೆ ಬಡಿಯುತ್ತಿತ್ತು. ಅವಳು ಅಂದದ್ದು ಒಂದಕ್ಷರವೂ ಕೇಳಿಸಲಿಲ್ಲ. ಶೂಟಿಂಗ್ ಮುಗಿದಾಗ ಪುಟ್ಟರಾಜು ನನ್ನನ್ನು ಅಲುಗಾಡಿಸಿ ಎಬ್ಬಿಸಿದ. "ಗುರು, ಅಕ್ಕ ಏನ್ ಆಕ್ಟಿಂಗ್ ಮಾಡ್ಬಿಟ್ರು! ಕಣ್ಣಲ್ಲಿ ನೀರು ಬಂದ್ಬಿಡ್ತು!"

ಬೆಂಗಳೂರಿಗೆ ಕಳಿಸುವ ಮುಂಚೆ ನೇಕಾರರ ಬೀದಿಯಲ್ಲೇ ಮೊದಲ ಪ್ರದರ್ಶನ. ಹೆಂಗಸರು ಚಾಪೆ ಹಾಸಿ ಮುಂದೆ ಕೂತರು. ಪರದೆಯ ತುಂಬ ಕಮಲಳ ಮುಖ. ನಾನು ಗಂಟಲು ಸರಿಮಾಡಿಕೊಂಡು ಶುರುಮಾಡಿದೆ. "ಪ್ರಾಣನಾಥಾ..."

ಹೆಂಗಸರು ಗೊಳ್ಳೆಂದು ನಕ್ಕರು! ನಾನು ದನಿ ಏರಿಸಿದೆ. ನಗು ಇನ್ನೂ ಏರಿತು. ಕಮಲಳ ದೊಡ್ಡಮ್ಮ ತಿರುಗಿ ಗದರಿದರು.

"ಅಳಿಯಂದ್ರೇ, ವಸಿ ಸುಮ್ಕಿರಿ! ಅವಳು ಮಾತಾಡ್ತಾವ್ಳೆ!"

ಮೂಕಿ ಚಿತ್ರದಲ್ಲಿ ಎಂಥ ಮಾತು? ಆಗ ನನ್ನ ತಲೆಗೆ ಹೊಳೆಯಿತು. ಮಗ್ಗದ ಸದ್ದಿನಲ್ಲಿ ಹುಟ್ಟಿ ಬೆಳೆದವರಿಗೆ ಕಿವಿ ಬೇಕಿಲ್ಲ, ತುಟಿ ನೋಡಿಯೇ ಮಾತು ತಿಳಿದುಕೊಳ್ಳುತ್ತಾರೆ. ಹನ್ನೊಂದು ವರ್ಷ ಮಾವನ ಮನೆಯಲ್ಲಿ ಉಂಡ ನಾನು, ಅವರೆಲ್ಲ ಸದ್ದಿಲ್ಲದೆ ತುಟಿ ಆಡಿಸುವಾಗ ಎಲೆಅಡಿಕೆ ಜಗಿಯುತ್ತಿದ್ದಾರೆಂದುಕೊಂಡಿದ್ದೆ!

"ಏನಂತಾಳೆ?" ಎಂದು ಕೇಳಿದ್ದು ನನ್ನ ತಪ್ಪು. ಕೈಯಲ್ಲಿ ಮೈಕಿತ್ತು. ದೊಡ್ಡಮ್ಮ ಅದನ್ನು ಕಿತ್ತುಕೊಂಡು ಬೀದಿಗೆಲ್ಲ ಒಪ್ಪಿಸಿದರು.

"'ನಂಗೂ ಆಸೆ ಐತೆ ಕಣ್ರೀ. ಹತ್ರ ಬಂದಾಗ ಒಂದಿನನಾದ್ರೂ ನಿಂಗೇನಿಷ್ಟ ಅಂತ ಕೇಳಿದ್ದೀರಾ? ನಿಮ್ದು ಮುಗೀತು ಅಂದ್ರೆ ಗೋಡೆ ಕಡೆ ತಿರುಗಿ ಗೊರಕೆ!' ಅಂತಾವ್ಳೆ."

ಸಾಕ್ಷಿಗೆ ಪರದೆಯ ಮೇಲೆ ನಾಯಕ ಬಾಯಿ ತೆರೆದು ಮಲಗಿದ್ದ. ಅದು ಅಭಿನಯವಾಗಿರಲಿಲ್ಲ!

ಗಂಡಸರೆಲ್ಲ ನೆಲ ನೋಡುತ್ತಿದ್ದರು. ಹೆಂಗಸರ ನಗು ನಿಂತಿತ್ತು. "ನಮ್ಮನೇಲೂ ಅದೇಯ ಕಣಕ್ಕಾ," ಅಂದಳು ಒಬ್ಬಳು. ಮೈಕನ್ನು ನನಗೆ ಕೊಡದೆ ಇನ್ನೆರಡು ಸಲ ಹಾಕಿಸಿಕೊಂಡು ನೋಡಿದರು. ಬೆಂಗಳೂರಿನವರಿಗೆ ತುಟಿ ಓದಲು ಬರಲಿಲ್ಲ, ಚಿತ್ರದ ಜೊತೆ ಬರೆದು ಕಳಿಸಿದ್ದ ನನ್ನ ಸಂಭಾಷಣೆಯನ್ನೇ ಓದಿಕೊಂಡರು. ಚಿತ್ರ ಮರುಟಪಾಲಿನಲ್ಲೇ ವಾಪಸ್ಸು ಬಂತು.

"ಮೊದಲೇ ನನಗೆ ಹೇಳಬಾರದಿತ್ತೇನೆ?" ಎಂದೆ ಕಮಲಳಿಗೆ.

"ಹನ್ನೊಂದ್ ವರ್ಷದಿಂದ ಹೇಳ್ತಾನೇ ಇದ್ದೀನಲ್ರೀ."

ನಿಜಕ್ಕೂ ನಾಚಿಕೆಯಾಯಿತು. "ಸರಿ, ಈಗ ಕೇಳ್ತೀನಿ. ನಿಂಗೇನಿಷ್ಟ?" ಎಂದೆ.

ಅವಳು ಸದ್ದಿಲ್ಲದೆ, ನಿಧಾನವಾಗಿ, ಬರೀ ತುಟಿ ಆಡಿಸಿ ಏನೋ ಹೇಳಿ ನಕ್ಕಳು.

ಪಂಡಿತನಿಗೆ ಒಂದಕ್ಷರವೂ ತಿಳಿಯಲಿಲ್ಲ. ದೊಡ್ಡಮ್ಮನನ್ನು ಕರೆಯೋಣವೆಂದರೆ, ಇದ್ದಷ್ಟು ಮಾನ ಅಡ್ಡ ಬಂತು!