ಗುರಿಯಿಡುವ ಹೊತ್ತಿಗೆ ತಿಂಡಿಯ ವಿಚಾರ

…ಅಥವಾ ಆಗ ಮೇಜಿನ ಮೇಲೆ ನನ್ನವು ಮೂರು ಚೆಂಡು ಉಳಿದಿದ್ದವೇ? ಮೊದಮೊದಲು ಎರಡು ಎನ್ನುತ್ತಿದ್ದೆ, ಈಚೆಗೆ ಮೂರು ಎನ್ನುತ್ತಿದ್ದೇನೆ. ಹೀಗೇ ಬಿಟ್ಟರೆ ನಿವೃತ್ತಿಯ ಹೊತ್ತಿಗೆ ಏಳೂ ಆದೀತು. ಇಸವಿ ಹದಿನೇಳೋ ಹದಿನೆಂಟೋ, ಅದೂ ನಿಶ್ಚಯವಿಲ್ಲ. ಆದ್ದರಿಂದ ಇದನ್ನು ನಂಬುವವರು ಸ್ವಲ್ಪ ಕಳೆದು ನಂಬಬೇಕು. ಗೆದ್ದವಳು ನಾನು ಎಂಬುದನ್ನು ಮಾತ್ರ ಕಳೆಯಬೇಡಿ.

ಇಲ್ಲಿ ಪರದೇಶದಲ್ಲಿ, ವಿಮಾನ ನಿಲ್ದಾಣದ ಪಕ್ಕದ ಮಾಲ್ಟನ್ನಿನಲ್ಲಿ ಒಂದು ಮಿಠಾಯಿ ಅಂಗಡಿಯ ಪಕ್ಕ ನಮ್ಮ ಪೂಲ್ ಹಾಲ್ ಇತ್ತು. ಪೂಲ್ ಅಂದರೆ ಕೋಲಿನಿಂದ ಬಿಳಿ ಚೆಂಡನ್ನು ಹೊಡೆದು, ತಲಾ ಏಳು ಚೆಂಡನ್ನೂ ಕೊನೆಗೆ ಕಪ್ಪು ಚೆಂಡನ್ನೂ ಮೇಜಿನ ಅಂಚಿನ ಪಾಕೆಟುಗಳಿಗೆ ಬೀಳಿಸುವ ಆಟ. ತಲೆಯ ಮೇಲೆ ವಿಮಾನ ಇಳಿದಾಗ ಕಿಟಕಿಯ ಗಾಜು ನಡುಗುತ್ತಿತ್ತು. ಅದಕ್ಕೆಲ್ಲ ನನ್ನ ಕೈ ನಡುಗುತ್ತಿರಲಿಲ್ಲ. ನನ್ನನ್ನು ನಡುಗಿಸುತ್ತಿದ್ದವರು ಸುಧಾಕರಣ್ಣ. ಉಡುಪಿ ಕಡೆಯವರು, ಪಕ್ಕದೂರು ಬ್ರ್ಯಾಂಪ್ಟನ್ನಿನ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್, ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ದೊಡ್ಡವರು. ನಾನು ಮೇಜಿನ ಮೇಲೆ ಬಗ್ಗಿ, ಒಂದು ಕಣ್ಣು ಮುಚ್ಚಿ, ಉಸಿರು ಹಿಡಿದು, ಇನ್ನೇನು ಕೋಲನ್ನು ಮುಂದಕ್ಕೆ ಬಿಡಬೇಕು ಅನ್ನುವಾಗ, ಅತ್ಯಂತ ಅಕ್ಕರೆಯ ದನಿಯಲ್ಲಿ ಕೇಳುತ್ತಿದ್ದರು: "ಊಟ ಆಯ್ತಾ ಮಾರಾಯ್ರೆ?"

ಬೇರೆ ಯಾರಾದರೂ ಆಗಿದ್ದರೆ ಕೇಳಿಸದವರಂತೆ ಇರುತ್ತಿದ್ದರು. ನಾನು ಬೆಳೆದದ್ದು ಮೈಸೂರಿನ ಒಂದು ಮನೆಯಲ್ಲಿ. ಅಲ್ಲಿ ದೊಡ್ಡವರು ಏನಾದರೂ ಕೇಳಿದರೆ ಎದ್ದು ನಿಂತು ಉತ್ತರಿಸಬೇಕಿತ್ತು. ಹಿಂಭಾಗವನ್ನು ಮೇಲೆತ್ತಿಕೊಂಡು ಹಿರಿಯರಿಗೆ ಉತ್ತರ ಕೊಡುವುದು ನನ್ನಿಂದ ಹೇಗೆ ಸಾಧ್ಯ? ನೆಟ್ಟಗೆ ನಿಂತು, "ಆಯ್ತು ಸುಧಾಕರಣ್ಣ, ನಿಮ್ಮದು?" ಎನ್ನುತ್ತಿದ್ದೆ. ಮತ್ತೆ ಬಗ್ಗುವಷ್ಟರಲ್ಲಿ ಗುರಿ ಎಲ್ಲಿಗೋ ಹೋಗಿರುತ್ತಿತ್ತು. ಹೀಗೆ ಮೂರು ಭಾನುವಾರ ಸೋತೆ. ಮನಸ್ಸಿನಲ್ಲೇ ಅವರನ್ನು ಮೋಸಗಾರ ಎಂದು ಕರೆದುಕೊಂಡು ನಾರ್ತ್ ಯಾರ್ಕಿನ ನನ್ನ ಮನೆಯವರೆಗೂ ಕಾರು ಓಡಿಸಿದೆ.

ನಾಲ್ಕನೆಯ ಭಾನುವಾರ ಮಾತ್ರ ಸೋಲುವಂತಿರಲಿಲ್ಲ. ಲೀಗಿನ ಫೈನಲ್ಲಿಗೆ ಹೋಗುವ ನಮ್ಮ ತಂಡದಲ್ಲಿ ಒಂದೇ ಜಾಗ ಉಳಿದಿತ್ತು. ನಮ್ಮ ಕ್ಯಾಪ್ಟನ್ ಬಸವರಾಜ ಹುಬ್ಬಳ್ಳಿಯವನು, ಸುತ್ತಿಬಳಸಿ ಮಾತಾಡುವವನಲ್ಲ. "ನೀವಿಬ್ರೂ ಒಂದ ಆಟ ಆಡ್ರಿ. ಗೆದ್ದಾವ್ರು ಬರ್ರಿ, ಸೋತಾವ್ರು ಚಪ್ಪಾಳಿ ಹೊಡೀರಿ" ಎಂದ. ಚಪ್ಪಾಳೆ ಹೊಡೆಯಲು ನಾನು ಎರಡು ವರ್ಷ ಅಭ್ಯಾಸ ಮಾಡಿರಲಿಲ್ಲ.

ಆಟದ ಕೊನೆಗೆ ಸುಧಾಕರಣ್ಣನಿಗೆ ಉಳಿದದ್ದು ಕಪ್ಪು ಚೆಂಡು ಮಾತ್ರ. ಅದನ್ನು ಬೀಳಿಸಿದರೆ ಮುಗಿಯಿತು. ನನ್ನವು ಎರಡು (ಅಥವಾ ಮೂರು) ಬಾಕಿ, ಅವು ಬಿದ್ದ ಮೇಲೆ ಅದೇ ಕಪ್ಪು. ಸರದಿ ನನ್ನದು. ಬಗ್ಗಿದೆ.

"ಬೆಳಿಗ್ಗೆ ತಿಂಡಿಗೆ ಎಂತ ಮಾಡಿದ್ದು?"

ನಾನು ತಿಂದದ್ದು ಬ್ರೆಡ್ಡು, ಜಾಮು. ಆದರೆ ಎದ್ದು ನಿಂತಾಗ ನನ್ನ ಬಾಯಿಂದ ಬೇರೆಯೇ ಬಂತು. "ನೀರುದೋಸೆ ಸುಧಾಕರಣ್ಣ. ಚೆನ್ನಾಗಿ ಉದ್ದಿನಬೇಳೆ ಹಾಕಿ ರುಬ್ಬಿ, ರಾತ್ರಿಯೆಲ್ಲ ಹುಳಿ ಬರಿಸಿದ್ದೆ. ಚೂರು ಸೋಡಾನೂ ಹಾಕಿದೆ."

ಅಷ್ಟು ಹೇಳಿ ಬಗ್ಗಿ ಹೊಡೆದೆ. ಚೆಂಡು ಬೀಳಲಿಲ್ಲ. ಅವರ ಸರದಿ. ಕಪ್ಪು ಚೆಂಡು ಪಾಕೆಟಿನ ಬಾಯಲ್ಲೇ ಕೂತಿತ್ತು, ಊದಿದರೂ ಬೀಳುವ ಹಾಗೆ. ಸುಧಾಕರಣ್ಣ ಬಗ್ಗಿದರು. ಎದ್ದರು. "ಉದ್ದಾ?" ಎಂದರು. ಮತ್ತೆ ಬಗ್ಗಿದರು. ಮತ್ತೆ ಎದ್ದರು. "ಸೋಡಾವಾ?"

"ಅಣ್ಣಾರ, ಆಟಾ ಆಡ್ರಿ, ಅಡಿಗಿ ಆಮ್ಯಾಲ" ಎಂದ ಬಸವರಾಜ.

ಅವರು ಹೊಡೆದರು. ಬಿಳಿ ಚೆಂಡು ಕಪ್ಪನ್ನು ಮುಟ್ಟಲೇ ಇಲ್ಲ. ಅದು ಯಾವುದೋ ಮೂಲೆಗೆ ಹೋಗಿ ನಿಂತದ್ದನ್ನೂ ಅವರು ನೋಡಲಿಲ್ಲ. ನನ್ನ ಕಡೆ ತಿರುಗಿ ಶುರು ಮಾಡಿದರು: "ಅಕ್ಕಿ, ನೀರು, ಉಪ್ಪು. ಅಷ್ಟೇ ಮಾರಾಯ್ತಿ! ಬೇಕಾದ್ರೆ ಸ್ವಲ್ಪ ಕಾಯಿ. ನೀನು ಮಾಡಿದ್ದಕ್ಕೆ ಬೇರೆ ಹೆಸರಿಡು!" ಮೂರು ವಾರದ 'ಮಾರಾಯ್ರೆ' ಒಂದೇ ಏಟಿಗೆ 'ಮಾರಾಯ್ತಿ' ಆಗಿತ್ತು. ಅವರು ಈಗ ಪ್ರಶ್ನೆ ಕೇಳುತ್ತಿರಲಿಲ್ಲ, ಭಾಷಣ ಮಾಡುತ್ತಿದ್ದರು. ಭಾಷಣಕ್ಕೆ ಯಾರೂ ಎದ್ದು ಉತ್ತರಿಸಬೇಕಾಗಿಲ್ಲ. ಬಗ್ಗಿಕೊಂಡೇ "ಹೂಂ" ಎಂದೆ, ಒಂದು ಬಿತ್ತು. ಕಾವಲಿ ಎಷ್ಟು ಕಾದಿರಬೇಕು ಎಂದು ಅವರು ವಿವರಿಸುವಾಗ ಇನ್ನೊಂದು. ದೋಸೆಯನ್ನು ಮಗುಚಬಾರದು ಎನ್ನುವಾಗ ಕಪ್ಪು ಚೆಂಡು ಸದ್ದಿಲ್ಲದೆ ಒಳಗೆ ಇಳಿಯಿತು. ಅಲ್ಲಿದ್ದ ಏಳೆಂಟು ಜನ ಕೂಗಿದರು. ಇಪ್ಪತ್ತು ಜನ ಎಂದು ಬರೆಯಲು ಕೈ ತುರಿಸುತ್ತಿದೆ. ನಾನು ಕೋಲನ್ನು ಎತ್ತಿ ಹಿಡಿದು ಮೇಜಿಗೆ ಒಂದು ಸುತ್ತು ಬಂದೆ. ನಲವತ್ತೆರಡರ ಹೆಂಗಸು ಹಾಗೆಲ್ಲ ಮಾಡಬಾರದು ಅಂತ ಗೊತ್ತಿದ್ದೇ ಮಾಡಿದೆ. ಜಾಗ ನನ್ನದಾಗಿತ್ತು.

ಆಮೇಲೆ ಚಹಾ ಕುಡಿಯುತ್ತ ಧೈರ್ಯ ಮಾಡಿ ಕೇಳಿಯೇಬಿಟ್ಟೆ: "ಸುಧಾಕರಣ್ಣ, ನಿಜ ಹೇಳಿ. ನಾನು ಹೊಡೆಯೋ ಹೊತ್ತಿಗೇ ಕೇಳ್ತಿದ್ರಲ್ಲ, ಬೇಕಂತಲೇ ತಾನೆ?"

ಅವರು ಚಹಾದ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು. "ಎಂತದ್ದು ಬೇಕಂತ? ನೀವು ಬಗ್ಗಿದಾಗ ಮಾತ್ರ ಅಲ್ವಾ ನಿಮ್ಮ ಬಾಯಿ ಮುಚ್ಚಿರೋದು? ಉಳಿದ ಹೊತ್ತಲ್ಲಿ ನಮಗೆ ಕೇಳ್ಲಿಕ್ಕೆ ಜಾಗ ಎಲ್ಲಿ ಉಂಟು?"

ಬಸವರಾಜ ನಕ್ಕ ನಗೆಯನ್ನು ನೋಡಿದರೆ ಅದರಲ್ಲಿ ನಿಜ ಇರಬಹುದು. ಸುಧಾಕರಣ್ಣ ಮಾತ್ರ ನಗಲಿಲ್ಲ. ಅವರ ಮುಖವನ್ನು ಎಷ್ಟು ಸಲ ನೆನಪಿಸಿಕೊಂಡರೂ ಅದು ಏನನ್ನೂ ಬಿಟ್ಟುಕೊಡುವುದಿಲ್ಲ. ಅವತ್ತು ಆ ಮೇಜಿನ ಬಳಿ ಬೇಕೆಂದೇ ಮೋಸ ಮಾಡಿದ್ದು ನಾನೊಬ್ಬಳೋ ನಾವಿಬ್ಬರೋ, ನನಗೆ ಇನ್ನೂ ಗೊತ್ತಿಲ್ಲ.